ಹುಬ್ಬಳ್ಳಿಯಲ್ಲಿ ಕೊಂಡ ಕೈ ಅಯಸ್ಕಾಂತ: ಎಂಟು ತಿಂಗಳ ಬಳಕೆಯ ನಂತರ

ನವಲಗುಂದದ ನಮ್ಮ ಹೊಲದಲ್ಲಿದ್ದ ಹಳೆಯ ತಗಡಿನ ಶೆಡ್ಡನ್ನು ಕಳೆದ ಬೇಸಿಗೆಯಲ್ಲಿ ಕೆಡವಿಸಿದಾಗ ಮೊಳೆ, ತಂತಿಯ ತುಂಡು, ತುಕ್ಕು ಹಿಡಿದ ತಗಡಿನ ಚೂರುಗಳು ಸುತ್ತಲಿನ ಎರೆ ಮಣ್ಣಿನಲ್ಲಿ ಹರಡಿಹೋದವು. ಮೋಡಕಾದವರು, ಅಂದರೆ ಗುಜರಿಯವರು, ದೊಡ್ಡದನ್ನು ತೂಗಿಸಿಕೊಂಡು ಹೋದರು. ಸಣ್ಣದೆಲ್ಲ ಅಲ್ಲಿಯೇ ಉಳಿಯಿತು. ಎಮ್ಮೆ ಮೇವಿನ ಜೊತೆ ತಂತಿಯನ್ನು ನುಂಗಿದರೆ ಅದು ಹೊಟ್ಟೆಯ ಎರಡನೆಯ ಕೋಣೆಯಲ್ಲಿ ನಿಂತು, ಗೋಡೆಯನ್ನು ತೂರಿ, ಹೃದಯದ ಪೊರೆಯವರೆಗೂ ತಲುಪಬಲ್ಲದು. ಅದಕ್ಕಾಗಿ ಹುಬ್ಬಳ್ಳಿಯ ದುರ್ಗದಬೈಲ್ ಕಡೆಯ ಅಂಗಡಿಯೊಂದರಲ್ಲಿ 1,650 ರೂಪಾಯಿ ಕೊಟ್ಟು ಒಂದು ಕೈ ಅಯಸ್ಕಾಂತವನ್ನು ತಂದೆ.

ಈ ಉಪಕರಣ ನನಗೆ ಹೊಸದಲ್ಲ. ಸೇನೆಯ ಸ್ಯಾಪರ್ (ಎಂಜಿನಿಯರಿಂಗ್ ಕೆಲಸದ) ಪಡೆಯಿಂದ ನಿವೃತ್ತನಾದ ಮೇಲೆ ಎರಡು ವರ್ಷ ಶ್ರೀಲಂಕಾದ ಉತ್ತರ ಭಾಗದಲ್ಲಿ, ಊರಿನವರು ಮರಳಿ ಬರಬೇಕಾಗಿದ್ದ ಹೊಲ ತೋಟಗಳಿಂದ ನೆಲಬಾಂಬುಗಳನ್ನು ತೆಗೆಯುವ ತಂಡವೊಂದರಲ್ಲಿ ಕೆಲಸ ಮಾಡಿದ್ದೇನೆ; ಅಲ್ಲಿ ಇಂಥದೇ ಅಯಸ್ಕಾಂತ ದಿನವೂ ಕೈಯಲ್ಲಿರುತ್ತಿತ್ತು. ಹೀಗಾಗಿ ಈ ವಿಮರ್ಶೆಯಲ್ಲಿ ಎರಡೂ ಕಡೆಯ ಅನುಭವ ಬೆರೆತಿದೆ.

ನೆಲಬಾಂಬಿನ ಕೆಲಸದಲ್ಲಿ ಅಯಸ್ಕಾಂತ ಏಕೆ ಬೇಕಾಗುತ್ತದೆ ಎಂಬುದನ್ನು ಮೊದಲು ಹೇಳಬೇಕು, ಏಕೆಂದರೆ ಅದರಿಂದ ಬಾಂಬನ್ನೇ ಹುಡುಕುತ್ತಾರೆ ಎಂದು ಅನೇಕರು ತಿಳಿದಿದ್ದಾರೆ. ಈಗಿನ ಅನೇಕ ನೆಲಬಾಂಬುಗಳ ಹೊರಕವಚ ಪೂರ್ತಿ ಪ್ಲಾಸ್ಟಿಕ್. ಒಳಗೆ ಲೋಹವೆಂದರೆ ಸೂಜಿಯಂಥ ಒಂದು ತುಂಡು, ಒಂದು ಸಣ್ಣ ಸ್ಪ್ರಿಂಗ್, ಅಷ್ಟೇ. ಅಷ್ಟು ಅಲ್ಪ ಲೋಹಕ್ಕೂ ಸದ್ದು ಮಾಡುವಂತೆ ಡಿಟೆಕ್ಟರನ್ನು, ಅಂದರೆ ಲೋಹ ಹುಡುಕುವ ಯಂತ್ರವನ್ನು, ಹದಗೊಳಿಸಿದಾಗ ಅದು ಷೆಲ್ಲಿನ ಚೂರು, ಮುಳ್ಳುತಂತಿಯ ತುಣುಕು, ಮೊಳೆಯ ತಲೆ, ಎಲ್ಲಕ್ಕೂ ಕೂಗುತ್ತದೆ. ಒಂದು ಬಾಂಬು ಸಿಗುವಷ್ಟರಲ್ಲಿ ನೂರಾರು ಚೂರುಗಳನ್ನು ಅಗೆದು ತೆಗೆಯಬೇಕಾಗುತ್ತದೆ, ಮತ್ತು ಪ್ರತಿ ಸದ್ದನ್ನೂ ಬಾಂಬೆಂದೇ ತಿಳಿದು ಪಕ್ಕದಿಂದ ಕರಣಿಯಲ್ಲಿ ಸ್ವಲ್ಪ ಸ್ವಲ್ಪವೇ ಮಣ್ಣು ಸರಿಸಬೇಕು. ಹಾಗೆ ಸಡಿಲಿಸಿ, ಕಣ್ಣಾರೆ ನೋಡಿ, ಬಾಂಬಿಲ್ಲವೆಂದು ಖಚಿತವಾದ ಮಣ್ಣಿನ ಮೇಲೆ ಮಾತ್ರ ಅಯಸ್ಕಾಂತವನ್ನು ಆಡಿಸುತ್ತಾರೆ. ಚೂರು ಬಂದ ಮೇಲೆ ಡಿಟೆಕ್ಟರನ್ನು ಮತ್ತೆ ಹಾಯಿಸಿ, ಸದ್ದು ನಿಂತಿದೆಯೇ ಎಂದು ನೋಡುತ್ತಾರೆ. ಬೆರಳಿನಿಂದ ಹೆಕ್ಕಿದರೆ ಐದು ನಿಮಿಷ ಹಿಡಿಯುವ ಮೊಳೆಯ ತಲೆ ಅಯಸ್ಕಾಂತಕ್ಕೆ ಕ್ಷಣದಲ್ಲಿ ಅಂಟುತ್ತದೆ. ಸುಮಾರು ಒಂದು ಮೀಟರ್ ಅಗಲದ ಪಟ್ಟಿಯಲ್ಲಿ, ಸಾಮಾನ್ಯವಾಗಿ 13 ರಿಂದ 20 ಸೆಂಟಿಮೀಟರ್ ಆಳದವರೆಗೆ, ಮೊಣಕಾಲೂರಿ ಮುಂದೆ ಸರಿಯುವವನಿಗೆ ಆ ಉಳಿತಾಯ ಸಣ್ಣದಲ್ಲ.

ಇನ್ನು ನಾನು ಕೊಂಡದ್ದರ ಬಗ್ಗೆ. ಮೊಣಕೈಯಷ್ಟು ಉದ್ದದ ಅಲ್ಯೂಮಿನಿಯಂ ಕವಚ, ಅದರೊಳಗೆ ನಿಯೋಡಿಮಿಯಂ ಎಂಬ ಬಲವಾದ ಬಗೆಯ ಅಯಸ್ಕಾಂತದ ಸಾಲು, ಮೇಲೆ ರಬ್ಬರ್ ಹಿಡಿಕೆ ಮತ್ತು ಒಂದು ಲಿವರ್. ಲಿವರನ್ನು ಎಳೆದರೆ ಅಯಸ್ಕಾಂತ ಮೇಲೆ ಸರಿದು, ಅಂಟಿದ್ದೆಲ್ಲ ಕೆಳಗೆ ಬೀಳುತ್ತದೆ. "ಇಪ್ಪತ್ತು ಕೆಜಿ ಎತ್ತತೈತ್ರಿ ಸರ" ಎಂದು ಅಂಗಡಿಯವರು ಹೇಳಿದರು, ಡಬ್ಬಿಯ ಮೇಲೂ ಹಾಗೆಯೇ ಇದೆ. ಆ ಲೆಕ್ಕ ದಪ್ಪನೆಯ, ನಯವಾದ ಕಬ್ಬಿಣದ ಹಲಗೆಗೆ ನೇರವಾಗಿ ತಾಗಿಸಿದಾಗಿನದು. ನಡುವೆ ಕೆಲವು ಮಿಲಿಮೀಟರ್ ಅಂತರ ಬಿದ್ದರೆ ಸೆಳೆತ ತೀವ್ರವಾಗಿ ಕುಗ್ಗುತ್ತದೆ. ಒಣ ಎರೆ ಮಣ್ಣಿನ ಪುಡಿಯಲ್ಲಿ ಎರಡಿಂಚಿನ ಮೊಳೆಗಳನ್ನು ಹೂತು ನೋಡಿದೆ: ಎರಡು ಸೆಂಟಿಮೀಟರ್ ಒಳಗಿದ್ದವು ಜಿಗಿದು ಬಂದವು, ಐದರ ಆಳದಲ್ಲಿದ್ದವು ಅಲುಗಲಿಲ್ಲ. ಮಳೆ ಬಿದ್ದ ಮೇಲಂತೂ ಎರೆ ಮಣ್ಣು ಹಿಡಿದದ್ದನ್ನು ಯಾವ ಅಯಸ್ಕಾಂತಕ್ಕೂ ಕೊಡುವುದಿಲ್ಲ.

ಗದಗ ಜಿಲ್ಲೆಯ ಡೋಣಿ ಬಳಿ, ಕಪ್ಪತಗುಡ್ಡದ ಬುಡದಲ್ಲಿರುವ ಸ್ನೇಹಿತರ ಹೊಲದಲ್ಲಿ ಬೇರೆಯೇ ತೊಂದರೆ ಎದುರಾಯಿತು. ಅಲ್ಲಿಯ ಕೆಮ್ಮಣ್ಣಿನಲ್ಲಿ ಕಬ್ಬಿಣದ ಅದಿರಿನ ಕಣ ಬೆರೆತಿರುವುದರಿಂದ ನಾಲ್ಕು ಬಾರಿ ಆಡಿಸುವಷ್ಟರಲ್ಲಿ ಕವಚಕ್ಕೆ ಕಂಬಳಿ ಹುಳುವಿನಂತೆ ಕಪ್ಪು ಪುಡಿಯ ರೋಮ ಬೆಳೆಯಿತು. ಕಾಂಬೋಡಿಯದಂಥ ಕಡೆ ಡಿಟೆಕ್ಟರುಗಳನ್ನು ದಾರಿ ತಪ್ಪಿಸುವುದೂ ಇಂಥ ಕಬ್ಬಿಣ ತುಂಬಿದ ಮಣ್ಣೇ.

ನನ್ನ ದೊಡ್ಡ ತಕರಾರು ಲಿವರಿನದು. ಇಂಥ ಉಪಕರಣವನ್ನು ಎಲ್ಲರೂ ಸೆಳೆತ ನೋಡಿ ಕೊಳ್ಳುತ್ತಾರೆ. ನಾನು ಮಾತ್ರ ಅಂಟಿದ್ದನ್ನು ಅದು ಎಷ್ಟು ಚೊಕ್ಕಟವಾಗಿ ಬಿಡುತ್ತದೆ ಎಂಬುದನ್ನು ನೋಡುತ್ತೇನೆ. ನೆಲಬಾಂಬಿನ ಕೆಲಸದಲ್ಲಿ ಶೋಧಿಸಿ ಮುಗಿಸಿದ ಪಟ್ಟಿಯ ಮೇಲೆ ಒಂದು ಚೂರು ಮರಳಿ ಬಿದ್ದರೂ ಡಿಟೆಕ್ಟರ್ ಮತ್ತೆ ಕೂಗುತ್ತದೆ, ಅಗೆತ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಈ ಅಯಸ್ಕಾಂತದ ಲಿವರ್ ಮೂರನೆಯ ತಿಂಗಳಲ್ಲಿ ಮಣ್ಣು ಸೇರಿ ಬಿಗಿದುಕೊಂಡಿತು, ಮತ್ತು ಕವಚದ ಸ್ಕ್ರೂಗಳು ಸಡಿಲಾದವು. ಶ್ರೀಲಂಕಾದಲ್ಲಿ ನಮ್ಮ ತಂಡ ಇದಕ್ಕೆ ಹೂಡಿದ್ದ ಉಪಾಯ ಬಹಳ ಸರಳವಾಗಿತ್ತು: ಒಂದು ತುದಿ ಮುಚ್ಚಿದ ಪಿವಿಸಿ ಕೊಳವೆಯೊಳಗೆ ಅಯಸ್ಕಾಂತವನ್ನು ಇಟ್ಟು ಆಡಿಸುವುದು, ಡಬ್ಬಿಯ ಮೇಲೆ ಹಿಡಿದು ಅಯಸ್ಕಾಂತವನ್ನು ಹೊರಗೆಳೆಯುವುದು, ಚೂರೆಲ್ಲ ಡಬ್ಬಿಯೊಳಗೆ.

ಇದು ಎತ್ತದಿರುವುದರ ಕಡೆಗೂ ಗಮನವಿರಲಿ. ಅಲ್ಯೂಮಿನಿಯಂ, ಹಿತ್ತಾಳೆ, ತಾಮ್ರ, ಸೀಸ ಇದಕ್ಕೆ ಅಂಟುವುದಿಲ್ಲ. ನಮ್ಮ ಹೊಲದಲ್ಲಿ ಪಂಪ್‌ಸೆಟ್ಟಿನ ಅಲ್ಯೂಮಿನಿಯಂ ತಂತಿಯ ತುಂಡುಗಳನ್ನು ಕೊನೆಗೆ ಕೈಯಿಂದಲೇ ಹೆಕ್ಕಬೇಕಾಯಿತು. ನೆಲಬಾಂಬಿನ ಕೆಲಸದಲ್ಲಿ ಹಿತ್ತಾಳೆಯ ತೋಟಾಗಳ ಪಾಡೂ ಅದೇ. ಡಿಟೆಕ್ಟರ್ ಬಳಸುವವರು ಇದನ್ನು ಅದರಿಂದ ದೂರವಿಡಬೇಕು, ಪೇಸ್‌ಮೇಕರ್ ಇರುವವರು ಇದನ್ನು ಮುಟ್ಟಲೇಬಾರದು. ಅಗೆದು ನೋಡದ ನೆಲದ ಮೇಲೆ ಅಯಸ್ಕಾಂತ ಹಾಯಿಸುವುದು ನೆಲಬಾಂಬಿನ ಸೀಮೆಯಲ್ಲಿ ಪ್ರಾಣಕ್ಕೆ ಅಪಾಯ: ಹೂತ ಉಕ್ಕಿನ ವಸ್ತುವನ್ನು ಅದು ಅಲುಗಿಸಬಹುದು, ವಾಹನಗಳಿಗೆಂದು ಇಟ್ಟ ಕೆಲವು ಬಾಂಬುಗಳಂತೂ ಕಾಂತಕ್ಷೇತ್ರದ ಬದಲಾವಣೆಗೇ ಸಿಡಿಯುತ್ತವೆ.

ಕೊಟ್ಟಿಗೆ, ವೆಲ್ಡಿಂಗ್ ಅಂಗಡಿ, ಮನೆ ಕಟ್ಟಿದ ಜಾಗ ಇವುಗಳಿಗೆ ಈ ಅಯಸ್ಕಾಂತ ಕೊಟ್ಟ ಹಣಕ್ಕೆ ಸಾಕಷ್ಟು ದುಡಿಯುತ್ತದೆ, ಆದರೆ ಲಿವರ್ ಇಲ್ಲದ ಸಾದಾ ಅಯಸ್ಕಾಂತದ ಪಟ್ಟಿ ಕಡಿಮೆ ಬೆಲೆಗೆ ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ. ನಾನು ನನ್ನದರ ಲಿವರನ್ನು ಬಿಚ್ಚಿ ಎಸೆದು, ಬಾವಿಯ ಹತ್ತಿರ ಬಿದ್ದಿದ್ದ ಪಿವಿಸಿ ಕೊಳವೆಯ ತುಂಡಿನಲ್ಲಿ ಅದನ್ನು ಸೇರಿಸಿದ್ದೇನೆ. ಈಗ ಕೊಟ್ಟಿಗೆಯ ಗೂಟಕ್ಕೆ ತೂಗುಹಾಕಿದೆ, ಮೇವು ಹಾಕುವ ಮೊದಲು ಗೋದಲಿಯ ಸುತ್ತ ಒಮ್ಮೆ ಆಡಿಸುತ್ತೇವೆ.