ಮೀನುಗಾರಿಕೆ ರಜೆಯೋ, ನಿಷೇಧ ವಲಯವೋ, ಕಾಂಡ್ಲಾ ಕಾಡೋ?

ಕಡಲು ಉಳಿಸಲು ಇರುವ ಸ್ವಲ್ಪ ಹಣವನ್ನು ಯಾವುದಕ್ಕೆ ಹಾಕಬೇಕು ಎಂದು ಕೇಳಿದ್ದೀರಿ.

ಖರ್ಚು ಕಡಿಮೆ ಬೇಕೆಂದರೆ ಮೊಟ್ಟೆ ಇಡುವ ಕಾಲದ ರಜೆ. ದೋಣಿಗಳೆಲ್ಲ ದಡದಲ್ಲಿರುತ್ತವೆ, ಕಾವಲು ಸುಲಭ. ಆದರೆ ರಜೆ ಮುಗಿದ ದಿನವೇ ಎಲ್ಲರೂ ಬಲೆ ಬಿಟ್ಟರೆ ಗಳಿಸಿದ್ದು ಬೇಗ ಕರಗುತ್ತದೆ.

ಬಾಳಿಕೆಗೆ ಮೀನು ಹಿಡಿಯುವುದನ್ನೇ ನಿಲ್ಲಿಸುವ ಪೂರ್ತಿ ನಿಷೇಧ ವಲಯವೇ ಮೇಲು. ಮೆಕ್ಸಿಕೋದ ಕಾಬೊ ಪುಲ್ಮೊದಲ್ಲಿ 1999ರಿಂದ 2009ರೊಳಗೆ ಮೀನಿನ ಒಟ್ಟು ತೂಕ ಐದು ಪಟ್ಟಿಗೂ ಜಾಸ್ತಿಯಾಯಿತು. ಕಾವಲಿಗೆ ಅಲ್ಲಿನ ಜನರೇ ನಿಂತರು, ನನಗೆ ಅದೇ ದೊಡ್ಡ ವಿಷಯ. ಇಂಥ ಕಡೆ ದೊಡ್ಡ ಹೆಣ್ಣು ಮೀನುಗಳು ಉಳಿಯುತ್ತವೆ. ಅಂಥ ಒಂದು ಮೀನು ಹಲವು ಚಿಕ್ಕ ಮೀನುಗಳಷ್ಟು ಮೊಟ್ಟೆ ಇಡಬಲ್ಲದು. ತೊಂದರೆ ಒಂದೇ: ನೀರು ಬಿಸಿಯಾದಂತೆ ಮೀನು ತಂಪಿನ ಕಡೆ ಸರಿಯುತ್ತದೆ, ವಲಯದ ಗೆರೆ ಮಾತ್ರ ಅಲ್ಲೇ ಇರುತ್ತದೆ ಅಲ್ವಾ?

ಹವಾಮಾನದ ಚಿಂತೆಗೆ ನೇರವಾಗಿ ಒದಗುವುದು ಕಾಂಡ್ಲಾ, ಅಂದರೆ ಉಪ್ಪುನೀರಿನ ಕೆಸರಿನಲ್ಲಿ ಬೆಳೆಯುವ ಮ್ಯಾಂಗ್ರೋವ್ ಗಿಡ. ಕೆಸರಿನಲ್ಲಿ ಇಂಗಾಲ ಹಿಡಿದಿಡುತ್ತದೆ, ಬೇರುಗಳ ಸಂದಿಯಲ್ಲಿ ಮರಿಮೀನು, ಸೀಗಡಿ ಬೆಳೆಯುತ್ತವೆ. ಸುಮ್ನೆ ಸಸಿ ನೆಟ್ಟರೆ ಸಾಯುತ್ತವೆ. ಉಬ್ಬರದ ನೀರು ಬಂದು ಇಳಿಯುವ ಜಾಗವೇ ಬೇಕು. ಚಳಿ ಪ್ರದೇಶಕ್ಕೆ ಇದು ಆಗದು.

ದಿನದ ಮೀನೇ ಹೊಟ್ಟೆಪಾಡಾಗಿದ್ದರೆ ರಜೆಯಿಂದ ಶುರು ಮಾಡಿ, ಆ ದಿನಗಳಿಗೆ ಪರಿಹಾರ ಕೊಡಿ. ಹವಳದ ದಿಬ್ಬವಿದ್ದು ಜನ ಒಪ್ಪಿದರೆ ವಲಯ. ಬೆಚ್ಚಗಿನ ಕರಾವಳಿಯ ಅಳಿವೆ ಬೋಳಾಗಿದ್ದರೆ ಕಾಂಡ್ಲಾ.