ಎಡಗಡೆ ಜಾರುತ್ತಿದ್ದ ಬ್ಲೌಸ್ ಮತ್ತು ನಾನು ಸೇರಿದ ಕ್ಲಾಸು

ಇಪ್ಪತ್ತೆರಡು ವರ್ಷದಿಂದ ಬ್ಲೌಸ್ ಹೊಲಿಯುತ್ತಿದ್ದೇನೆ. ಟೇಪು ಹಿಡಿದ ಕೂಡಲೇ ಯಾರ ಭುಜ ಇಳಿದಿದೆ, ಯಾರ ಬೆನ್ನು ಬಾಗಿದೆ ಅಂತ ಕಣ್ಣಿಗೆ ಬೀಳುತ್ತದೆ. ಆದರೆ ನನ್ನ ಬ್ಲೌಸ್ ಯಾವಾಗಲೂ ಎಡಗಡೆ ಜಾರುತ್ತಿತ್ತು. ಕಟಿಂಗ್ ತಪ್ಪಿರಬೇಕು ಅಂತ ಎಷ್ಟು ಸಲ ಬಿಚ್ಚಿ ಹೊಲಿದೆನೋ. ಕಾರಣ ಸಿಕ್ಕಿದ್ದು ಮೈಸೂರಿನ ಸರಸ್ವತಿಪುರಂನಲ್ಲಿ, ಒಂದು ಮನೆಯ ಮಹಡಿ ಮೇಲೆ ನಡೆಯುವ ಫೆಲ್ಡೆನ್‌ಕ್ರೈಸ್ ಮತ್ತು ಕುಣಿತದ ಕ್ಲಾಸಿನಲ್ಲಿ. ಫೆಲ್ಡೆನ್‌ಕ್ರೈಸ್ ಅಂದರೆ ಮೈಯನ್ನು ನಿಧಾನವಾಗಿ, ಸ್ವಲ್ಪವೇ ಅಲುಗಿಸಿ, ಹೇಗೆ ಅಲುಗುತ್ತಿದೆ ಅಂತ ಗಮನಿಸುವ ಪದ್ಧತಿ.

ವಾರಕ್ಕೆ ಎರಡು ದಿನ, ಸಂಜೆ ಒಂದೂವರೆ ಗಂಟೆ. ಮೊದಲ 50 ನಿಮಿಷ ಫೆಲ್ಡೆನ್‌ಕ್ರೈಸ್ ಪಾಠ, ಆಮೇಲೆ ಕುಣಿತ. ಇದನ್ನು ಶುರು ಮಾಡಿದ ಮೋಶೆ ಫೆಲ್ಡೆನ್‌ಕ್ರೈಸ್ ಎಂಜಿನಿಯರ್, ಜೂಡೋ ಪಟು. ಮಂಡಿಗೆ ಬಿದ್ದ ಪೆಟ್ಟು ಕಾಡಿದಾಗ, ತಾನು ಹೇಗೆ ಓಡಾಡುತ್ತೇನೆ ಅಂತ ತಾನೇ ಗಮನಿಸುತ್ತಾ ಈ ಪದ್ಧತಿ ಕಟ್ಟಿದರು. ಕ್ಲಾಸಿನಲ್ಲಿ ಕನ್ನಡಿ ಇಲ್ಲ. ಮೇಡಂ ತಾವು ಮಾಡಿ ತೋರಿಸುವುದೂ ಇಲ್ಲ, ಬಾಯಲ್ಲೇ ಹೇಳುತ್ತಾರೆ. ಯಾರನ್ನೂ ನೋಡಿ ಕಾಪಿ ಮಾಡುವ ಹಾಗಿಲ್ಲ.

ಮೂರನೇ ದಿನ ಅಂಗಾತ ಮಲಗಿಸಿ, ಯಾವ ಭುಜ ನೆಲಕ್ಕೆ ಹೆಚ್ಚು ತಾಗುತ್ತಿದೆ ನೋಡಿ ಅಂದರು. ಎಡಗಡೆಯದು ಚಾಪೆಗೆ ಅಂಟಿಕೊಂಡಿತ್ತು. ಬಲಗಡೆ ಅಡಿಯಲ್ಲಿ ಕೈ ತೂರಿಸುವಷ್ಟು ಜಾಗ. ಭುಜವನ್ನು ಕಿವಿ ಕಡೆಗೆ ಒಂದು ಕಾಳಿನಷ್ಟು ಸರಿಸಿ, ಮತ್ತೆ ಬಿಡಿ ಅಂದರು. ನಾನು ಜೋರಾಗಿ ಎತ್ತಿದೆ. "ಅಷ್ಟು ಬೇಡ ಅಕ್ಕಾ, ಎತ್ತೋಕೆ ಹೊರಟು ಅಲ್ಲೇ ನಿಲ್ಲಿಸಿ" ಅಂದರು. ಮೂಟೆ ಹೊತ್ತವನ ಮೇಲೆ ಒಂದು ಹಿಡಿ ಅಕ್ಕಿ ಹಾಕಿದರೆ ಅವನಿಗೆ ತಿಳಿಯುವುದಿಲ್ಲ, ಅದೇ ಬರಿ ಅಂಗೈಗೆ ಹಾಕಿದರೆ ತಿಳಿಯುತ್ತದೆ ಅಲ್ವಾ? ಬಲ ಕಡಿಮೆ ಹಾಕಿದಷ್ಟೂ ಸಣ್ಣ ವ್ಯತ್ಯಾಸ ಗೊತ್ತಾಗುತ್ತದೆ. ಹತ್ತು ಸಲ ಮಾಡಿ, ಸುಮ್ನೆ ಮಲಗಿ, ಮತ್ತೆ ಹತ್ತು ಸಲ. ಕೊನೆಗೆ ಬಲಭುಜ ತಾನಾಗಿ ಚಾಪೆಗೆ ಇಳಿಯಿತು. ಕಣ್ಣಲ್ಲಿ ನೀರು ಬಂತು. ಇಷ್ಟು ವರ್ಷ ಮಷಿನ್ ಮೇಲೆ ಬಟ್ಟೆ ತಳ್ಳುತ್ತಾ ಆ ಭುಜವನ್ನು ಎತ್ತಿಯೇ ಹಿಡಿದಿದ್ದೆ, ರಾತ್ರಿ ಮಲಗಿದಾಗಲೂ ಬಿಟ್ಟಿರಲಿಲ್ಲ. ಬ್ಲೌಸ್ ಎಡಗಡೆ ಜಾರುತ್ತಿದ್ದದ್ದು ಇದಕ್ಕೇ.

ಹಿಂದೆ ನಮ್ಮ ಬಡಾವಣೆಯಲ್ಲೇ ಒಂದು ಡಾನ್ಸ್ ಫಿಟ್ನೆಸ್ ಕ್ಲಾಸಿಗೆ ಹೋಗಿದ್ದೆ. ಅಲ್ಲಿನ ಮಾಸ್ಟರ್ "ಇನ್ನೂ ಮೇಲೆ" ಅಂತ ಇದೇ ತೋಳನ್ನು ಎಳೆದು, ಒಂದು ವಾರ ಕತ್ತರಿ ಹಿಡಿಯಲು ಆಗಿರಲಿಲ್ಲ. ಇಲ್ಲಿ ಕೇಳದೆ ಯಾರೂ ಮುಟ್ಟುವುದಿಲ್ಲ. ನೋವಾದರೆ ನಿಲ್ಲಿಸಿ, ಮನಸ್ಸಲ್ಲೇ ಮಾಡಿ ಅನ್ನುತ್ತಾರೆ. ಇದೊಂದಕ್ಕೇ ನಾನು ದುಡ್ಡು ಕೊಡಲು ತಯಾರು.

ಕುಣಿತದ ಭಾಗದಲ್ಲಿ ಸ್ಟೆಪ್ಸ್ ಇಲ್ಲ. ಮಲಗಿ ಕಲಿತದ್ದನ್ನೇ ನಿಂತು, ನಡೆದು, ತಿರುಗಿ ಬೆಳೆಸುತ್ತಾ ಹೋಗಬೇಕು. ತಮಟೆ ಸದ್ದು ಹಾಕಿದ ದಿನ ಎಲ್ಲರ ಕಾಲೂ ತಾನಾಗಿ ಎದ್ದಿತು. ಆದರೆ ಹೊಸಬರಿಗೆ ಇಲ್ಲಿ ಏನು ಮಾಡುವುದು ಅಂತ ತೋಚದೆ ಗೋಡೆಗೆ ಒರಗುತ್ತಾರೆ. ಅವರಿಗೆ ಇನ್ನೂ ನಾಲ್ಕು ಮಾತು ಹೇಳಿಕೊಡಬೇಕು. ಪಾಠ ಅರ್ಧ ಇಂಗ್ಲಿಷಿನಲ್ಲಿ ನಡೆಯುವುದೂ ತೊಂದರೆಯೇ. 'ಪೆಲ್ವಿಸ್' ಅಂದಾಗ ನನ್ನ ಪಕ್ಕದ ಅಜ್ಜಿ ಹೊಟ್ಟೆ ಮುಟ್ಟಿಕೊಂಡರು. ಸೊಂಟದ ಮೂಳೆ ಅಂದಿದ್ದರೆ ಸಾಕಿತ್ತು. ಮೇಡಂಗೂ ಹೇಳಿದ್ದೇನೆ, ಈಗ ಸ್ವಲ್ಪ ಸ್ವಲ್ಪ ಬದಲಾಗುತ್ತಿದೆ.

ತಿಂಗಳಿಗೆ 1,600 ರೂಪಾಯಿ. ಬೆವರು ಸುರಿಯಬೇಕು, ತೂಕ ಇಳಿಯಬೇಕು ಅನ್ನುವವರಿಗೆ ಇದು ಸರಿಹೋಗುವುದಿಲ್ಲ. ಟೈಲರ್‌ಗಳು, ಇಡೀ ದಿನ ಕಂಪ್ಯೂಟರ್ ಮುಂದೆ ಕೂರುವವರು, ಮಗು ಎತ್ತಿ ಎತ್ತಿ ಸೊಂಟ ವಾಲಿದವರು ಒಂದು ತಿಂಗಳಾದರೂ ಹೋಗಿ. ದಪ್ಪ ಚಾಪೆ ತೆಗೆದುಕೊಂಡು ಹೋಗಿ, ಅಲ್ಲಿನ ಗ್ರಾನೈಟ್ ನೆಲ ಚಳಿಗಾಲದಲ್ಲಿ ಬೆನ್ನಿಗೆ ಜಾಸ್ತಿ ತಣ್ಣಗಾಗುತ್ತದೆ.