ಬೆಹ್ರಿಂಜರ್ ಎಕ್ಸ್32: ಕೊಳ್ಳುವ ಮೊದಲು ಹಿಂದುಗಡೆ ನೋಡಿ

ಬೆಹ್ರಿಂಜರ್ ಕಂಪನಿಯ ಡಿಜಿಟಲ್ ಮಿಕ್ಸರ್ ಎಕ್ಸ್32 ಬಗ್ಗೆ ಮಾತು ಬಂದರೆ ಎಲ್ಲರೂ ಮೋಟಾರ್ ಫೇಡರ್ (ತಾನೇ ಸರಿಯುವ ಸೌಂಡ್ ಹಿಡಿ), ಎಫೆಕ್ಟ್ ಅಂತ ಶುರು ಮಾಡುತ್ತಾರೆ. ನಾನು ಕುಂದಾಪುರದ ಕಡೆ ಯಕ್ಷಗಾನಕ್ಕೆ, ಆರ್ಕೆಸ್ಟ್ರಾಕ್ಕೆ ಸೌಂಡ್ ಹಾಕುವವನು. ಗದ್ದೆ ಬಯಲಲ್ಲಿ, ಜನರೇಟರ್ ಕರೆಂಟಲ್ಲಿ ಕೆಲಸ. ಹಾಗಾಗಿ ಈ ಮಿಕ್ಸರಿನ ಹಿಂದುಗಡೆ ಏನಿದೆ ಅನ್ನೋದೇ ನನಗೆ ಮುಖ್ಯ.

ಮೊದಲು ಕರೆಂಟ್. ಪವರ್ ಸಪ್ಲೈ ಒಳಗೇ ಇದೆ, ಅಡಾಪ್ಟರ್ ಹೊರುವ ಕಾಟವಿಲ್ಲ. 100ರಿಂದ 240 ವೋಲ್ಟ್‌ವರೆಗೆ ತಾನೇ ಹೊಂದಿಸಿಕೊಳ್ಳುತ್ತದೆ. ಅಂದರೆ ವೋಲ್ಟೇಜ್ ಕಮ್ಮಿಯಾದರೆ ಚಿಂತೆಯಿಲ್ಲ, ಜಾಸ್ತಿಯಾದರೆ ಇದೆ. ತ್ರೀ ಫೇಸ್ ಲೈನಿನಲ್ಲಿ ನ್ಯೂಟ್ರಲ್ ಬಿಟ್ಟುಹೋದರೆ 230 ಇರಬೇಕಾದ ಕಡೆ 400ರ ಹತ್ತಿರ ಬರಬಹುದು. ಅದನ್ನು ತಡೆಯೋ ಶಕ್ತಿ ಇದಕ್ಕಿಲ್ಲ. ಪಿನ್ ಚುಚ್ಚುವ ಮೊದಲು ಮೀಟರ್ ಹಿಡಿದು ನೋಡಿ. ಅರ್ಥ್ ಪಿನ್ ಮುರಿದು ಹಾಕುವ ಪುಣ್ಯಾತ್ಮರು ಇದ್ದಾರೆ, ಅವರ ಹತ್ತಿರ ಎಕ್ಸ್‌ಟೆನ್ಷನ್ ಬೋರ್ಡ್ ಕೇಳಬೇಡಿ.

ನನ್ನ ದೊಡ್ಡ ತಕರಾರು: ಸಪ್ಲೈ ಒಂದೇ. ಯಮಹಾದ ಸಿಎಲ್, ಕ್ಯೂಎಲ್ ಮಿಕ್ಸರುಗಳಿಗೆ ಹೊರಗಿಂದ ಇನ್ನೊಂದು ಪವರ್ ಸಪ್ಲೈ ಸೇರಿಸಬಹುದು, ಇದಕ್ಕೆ ಆ ದಾರಿಯಿಲ್ಲ. ಪವರ್ ಕೇಬಲ್ಲೂ ಕಂಪ್ಯೂಟರಿಗೆ ಹಾಕುವಂಥದ್ದೇ. ಲಾಕ್ ಇಲ್ಲ, ಯಾರಾದರೂ ಕಾಲಲ್ಲಿ ಎಳೆದರೆ ಬಂತು. ಭಾಗವತರು ಪದ್ಯ ಎತ್ತಿದಾಗ ಮಿಕ್ಸರ್ ಆಫ್ ಆಯ್ತು ಅಂದ್ಕೊಳ್ಳಿ. ಅದು ಮತ್ತೆ ಎದ್ದು ಬರೋವರೆಗೆ ಚಂಡೆಯದ್ದೇ ರಾಜ್ಯ. ಇದು ಎಳೆಯೋದು 120 ವ್ಯಾಟ್ ಆಸುಪಾಸು. ಒಂದು ಸಣ್ಣ ಯುಪಿಎಸ್ ಸಾಕು, ಅದನ್ನೂ ಸೇರಿಸಿಯೇ ಬಜೆಟ್ ಹಾಕಿ. ಕೇಬಲ್ಲನ್ನು ಟೇಬಲ್ ಕಾಲಿಗೆ ಟ್ಯಾಗ್ ಹಾಕಿ ಬಿಗಿಯಿರಿ. ಆಟ ಮುಗಿದ ಮೇಲೂ ಸುಮ್ನೆ ಸ್ವಿಚ್ ಒತ್ತಬೇಡಿ. ಆಂಪ್ಲಿಫೈಯರ್ ಮೊದಲು ಆಫ್, ಆಮೇಲೆ ಸ್ಕ್ರೀನಲ್ಲಿ ಶಟ್‌ಡೌನ್ ಕೊಟ್ಟು ಮಿಕ್ಸರ್ ಆಫ್.

ಇನ್ನು ಕನೆಕ್ಷನ್. 32 ಮೈಕ್ ಇನ್‌ಪುಟ್, 16 ಔಟ್‌ಪುಟ್, ಎಲ್ಲಾ ಎಕ್ಸ್‌ಎಲ್‌ಆರ್, ಅಂದರೆ ಮೂರು ಪಿನ್ನಿನ ಮೈಕ್ ಕನೆಕ್ಟರ್. ಕೀಬೋರ್ಡಿನ ದಪ್ಪ ಪಿನ್ ನೇರವಾಗಿ ಹೋಗಲ್ಲ. ಅದನ್ನು ಮೈಕ್ ಲೈನಿಗೆ ಹೊಂದಿಸುವ ಡಿಐ ಬಾಕ್ಸ್ ಬೇಕು, ಇಲ್ಲಾ ಆಕ್ಸ್ ಇನ್‌ಪುಟ್ ಹಿಡಿಯಬೇಕು. ಅಲ್ಲಿ ಆರು ಇವೆ, ಕೊನೆಯ ಎರಡಕ್ಕೆ ಆರ್‌ಸಿಎ (ಟಿವಿ, ಡಿವಿಡಿಗೆ ಹಾಕುವ ಕೆಂಪು-ಬಿಳಿ ಪಿನ್) ಕೂಡ ಇದೆ. ಮಧ್ಯೆ ಹಾಡು ಹಾಕೋಕೆ ಫೋನ್ ಅಲ್ಲಿಗೇ ಕೊಡುತ್ತೇನೆ.

ಎಚ್ಚರ ಬೇಕಾದ ಜಾಗ ನೆಟ್‌ವರ್ಕ್ ಕೇಬಲಿನ ತೂತುಗಳು. ನೋಡೋಕೆ ಎಲ್ಲಾ ಒಂದೇ ಜಾತಿ, ಕೆಲಸ ಬೇರೆ ಬೇರೆ. ಎರಡು ಎಇಎಸ್50 ತೂತು ಸ್ಟೇಜ್ ಬಾಕ್ಸಿಗೆ (ವೇದಿಕೆ ಹತ್ತಿರ ಮೈಕ್ ಚುಚ್ಚುವ ಪೆಟ್ಟಿಗೆ), ಅಲ್ಟ್ರಾನೆಟ್ ಕಲಾವಿದರ ಪರ್ಸನಲ್ ಮಾನಿಟರಿಗೆ, ಈಥರ್‌ನೆಟ್ ವೈಫೈ ರೂಟರಿಗೆ. ಹುಡುಗರು ಅದಲು ಬದಲು ಮಾಡುತ್ತಾರೆ ಅಂತ ನಾನು ಬಣ್ಣದ ಟೇಪ್ ಅಂಟಿಸಿಟ್ಟಿದ್ದೇನೆ. ಎಇಎಸ್50ಗೆ ಅಂಗಡಿಯ ಅಗ್ಗದ ಕೇಬಲ್ ಬೇಡವೇ ಬೇಡ. ಶೀಲ್ಡ್ ಇರುವ ಕ್ಯಾಟ್5ಇ ಬೇಕು, ಎರಡೂ ತುದಿಗೆ ಲೋಹದ ಕವಚದ ಈಥರ್‌ಕಾನ್ ಕನೆಕ್ಟರ್ ಇರಬೇಕು. ಇಲ್ಲದಿದ್ದರೆ ಸ್ಟ್ಯಾಟಿಕ್ ಹೊಡೆದರೆ ಸಂಪರ್ಕವೇ ಕಡಿಯಬಹುದು. ಒಳ್ಳೆ ಕೇಬಲ್ ಹಾಕಿದರೆ ಮಾತ್ರ ಇದರ ಮಜಾನೇ ಬೇರೆ. ಒಂದೇ ಎಳೆಯಲ್ಲಿ ಹೋಗೋಕೆ 48, ಬರೋಕೆ 48 ಚಾನಲ್. ಎಸ್16 ಎಂಬ ಸ್ಟೇಜ್ ಬಾಕ್ಸ್ ರಂಗಸ್ಥಳದ ಪಕ್ಕ ಇಟ್ಟರೆ ಹತ್ತಾರು ಮೈಕ್ ಲೈನ್ ಸೇರಿದ ಭಾರದ ಮಲ್ಟಿಕೋರ್ ಕೇಬಲ್ ಎಳೆಯೋದು ತಪ್ಪಿತು.

ಬರೀ ಯಕ್ಷಗಾನಕ್ಕಾದರೆ 32 ಇನ್‌ಪುಟ್ ಜಾಸ್ತಿಯಾಯ್ತು. ಇದರದ್ದೇ ಕಾಂಪ್ಯಾಕ್ಟ್ ಮಾಡೆಲ್ ನೋಡಿ. ಹಿಂದೆ 16 ಇನ್‌ಪುಟ್, 8 ಔಟ್‌ಪುಟ್, ಎಇಎಸ್50 ಅದರಲ್ಲೂ ಎರಡಿವೆ. ಯುಪಿಎಸ್ ಅದಕ್ಕೂ ಬೇಕು.